ಭಾಂಡೆ ತಿಕ್ಕುವವರು ಯಾರು?

ಮೂರು ವರ್ಷಗಳ ಹಿಂದೆ ಕ್ರಿಸ್‌ಮಸ್ ಪ್ರೀತಿ ಭೋಜನದ, ಅಂದರೆ ಚರ್ಚಿನ ಸಭೆಯವರೆಲ್ಲ ಕೂಡಿ ಉಣ್ಣುವ ಊಟದ, ಮರುದಿನ ಬೆಳಿಗ್ಗೆ ನಮ್ಮ ದೇವಾಲಯದ ಹಿಂದಿನ ಗೋಡೆಯ ಬದಿಯಲ್ಲಿ ಬಿದ್ದಿದ್ದ ತಾಟು, ಲೋಟ, ಬಾಟಲಿಗಳ ರಾಶಿಗೆ ಬೆಂಕಿ ಹಚ್ಚಿದವನು ನಾನೇ. ಊಟದ ವ್ಯವಸ್ಥೆಯ ಹೊಣೆ ಆ ವರ್ಷ ನನ್ನದಾಗಿತ್ತು, ಭಾನುವಾರದ ಆರಾಧನೆಯೊಳಗೆ ಆವರಣ ಸ್ವಚ್ಛವಾಗಬೇಕೆಂಬ ಅವಸರವೂ ಇತ್ತು. ಬೀದರಿನ ಡಿಸೆಂಬರ್ ಚಳಿಯಲ್ಲಿ ಹೊಗೆ ಮೇಲೇರುವುದಿಲ್ಲ, ನೆಲಕ್ಕೆ ಅಂಟಿಕೊಂಡು ಓಣಿಯುದ್ದಕ್ಕೂ ಹರಿಯುತ್ತದೆ. ಪಕ್ಕದ ಮನೆಯ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯಾಚೆಯಿಂದ, “ನಿನ್ನಿ ನಿಮ್ಮ ಹಾಡು ಭಾಳ ಛಂದ ಇತ್ತಪ್ಪಾ, ಇವತ್ತು ಹೊಗಿ ಯಾಕ ಕುಡಸ್ಲತೀರಿ?” ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆದ್ದರಿಂದಲೇ ನನಗೆ ಉತ್ತರ ಹೊಳೆಯಲಿಲ್ಲ.

ಆ ರಾಶಿಯಲ್ಲಿ ಇದ್ದದ್ದೇನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಸುಮಾರು 300 ಜನರು ಉಂಡಿದ್ದರು. ಥರ್ಮಾಕೋಲ್ ತಾಟುಗಳು, ಒಬ್ಬೊಬ್ಬರು ಎರಡು ಮೂರು ಸಲ ತೆಗೆದುಕೊಂಡಿದ್ದ ಲೋಟಗಳು, ಅರ್ಧ ಕುಡಿದು ಬಿಟ್ಟ ಕಾಲು ಲೀಟರಿನ ನೀರಿನ ಬಾಟಲಿಗಳು, ಮೇಜಿನ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಮತ್ತು ಇವೆಲ್ಲದರ ನಡುವೆ ಅನ್ನ. ಇವುಗಳಲ್ಲಿ ಹೆಚ್ಚಿನವು ಬಳಕೆಗೇ ಬರಬಾರದ ವಸ್ತುಗಳಾಗಿದ್ದವು ಎಂಬುದು ಆಮೇಲೆ ತಿಳಿಯಿತು. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಮತ್ತು ಥರ್ಮಾಕೋಲಿನ ತಾಟು, ಲೋಟ, ಚಮಚ, ಫ್ಲೆಕ್ಸ್‌ಗಳನ್ನಲ್ಲದೆ ಊಟದ ಮೇಜಿನ ಮೇಲೆ ಹಾಸುವ ಹಾಳೆಯನ್ನು ಸಹ ನಿಷೇಧಿಸಿತ್ತು. ಕೇಂದ್ರ ಸರ್ಕಾರದ ಏಕಬಳಕೆ ಪ್ಲಾಸ್ಟಿಕ್ ನಿಷೇಧವು 2022ರ ಜುಲೈ 1ರಿಂದ ದೇಶವಿಡೀ ಜಾರಿಗೆ ಬಂತು. ಪ್ಲಾಸ್ಟಿಕ್ಕಿನ ತಾಟು ಲೋಟಗಳ ಜೊತೆಗೆ ಅಲಂಕಾರದ ಥರ್ಮಾಕೋಲ್ ಕೂಡ ಆ ಪಟ್ಟಿಯಲ್ಲಿದೆ. ಕಸವನ್ನು ಬಯಲಲ್ಲಿ ಸುಡಬಾರದೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ಪರವಾನಗಿಯಿಲ್ಲದ ಸ್ಥಳದಲ್ಲಿ 100ಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಕನಿಷ್ಠ ಮೂರು ಕೆಲಸದ ದಿನಗಳ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲಿಯೇ ವಿಂಗಡಿಸಬೇಕು ಎಂಬ ಮಾತೂ ಅದೇ ನಿಯಮಗಳಲ್ಲಿತ್ತು. ನಮ್ಮ ಸಭೆಯಲ್ಲಿ ಯಾರಿಗೂ, ಕಾನೂನು ಓದಿದ ಇಬ್ಬರನ್ನೂ ಸೇರಿಸಿ, ಇದು ಗೊತ್ತಿರಲಿಲ್ಲ.

ಮುಂದಿನ ವರ್ಷ ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವಂಥದೇ. ಥರ್ಮಾಕೋಲ್ ಬಿಟ್ಟು ಕಾಗದಕ್ಕೆ ಬಂದೆ, ಬಂದು ಬಹಳ ಹೆಮ್ಮೆಪಟ್ಟೆ. ಆದರೆ ಕಾಗದದ ಲೋಟ ಬರಿಯ ಕಾಗದವಾಗಿದ್ದರೆ ಬಿಸಿ ಚಹಾ ಅದರಲ್ಲಿ ಎರಡು ನಿಮಿಷವೂ ನಿಲ್ಲುತ್ತಿರಲಿಲ್ಲ. ಒಳಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಇರುವುದರಿಂದಲೇ ಅದು ಲೋಟವಾಗಿದೆ. ಆ ಪೊರೆಯ ದೆಸೆಯಿಂದ ಅದು ಗೊಬ್ಬರವಾಗಿ ಕೊಳೆಯುವುದಿಲ್ಲ, ರದ್ದಿ ಕೊಳ್ಳುವವರೂ ಅದನ್ನು ಮುಟ್ಟುವುದಿಲ್ಲ. ಅಂಥ ಲೋಟದಲ್ಲಿ ಬಿಸಿ ಪಾನೀಯವನ್ನು 15 ನಿಮಿಷ ಇಟ್ಟರೆ 100 ಮಿಲಿಲೀಟರಿನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ತಿಳಿಸಿದ್ದರು. ನಮ್ಮ ಹಿರಿಯರು ಆರಾಧನೆ ಮುಗಿದ ಮೇಲೆ ಒಂದು ಲೋಟ ಚಹಾ ಹಿಡಿದು ಮಾತಿಗೆ ನಿಂತರೆ 15 ನಿಮಿಷ ಏನೂ ಅಲ್ಲ.

ಆಮೇಲೆ ಪತ್ರಾವಳಿಯ ಸರದಿ ಬಂತು. ಮುತ್ತಲ ಎಲೆಗಳನ್ನು ಕಡ್ಡಿಯಿಂದ ಹೊಲಿದ ಪತ್ರಾವಳಿಯಲ್ಲಿ ಉಂಡು ಬೆಳೆದವರು ನಾವು. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಯಂತ್ರದಲ್ಲಿ ಒತ್ತಿದ ತಟ್ಟೆ. ಮೇಲೆ ಎಲೆ, ಕೆಳಗೆ ರಟ್ಟು, ಹಲವು ಬಗೆಯವುಗಳಲ್ಲಿ ಇವೆರಡರ ನಡುವೆ ಒಂದು ಪ್ಲಾಸ್ಟಿಕ್ ಹಾಳೆ. ನಾನು ತಂದ ಕಟ್ಟಿನ ಒಂದು ತಟ್ಟೆಯನ್ನು ನೀರಲ್ಲಿ ನೆನೆಸಿ ಬಿಡಿಸಿ ನೋಡಿದಾಗ ಆ ಹಾಳೆ ಕೈಗೆ ಬಂತು. ಅಡಿಕೆ ಹಾಳೆಯ ತಟ್ಟೆ ಅಪ್ಪಟವಾದದ್ದು ನಿಜ, ಆದರೆ ಅಡಿಕೆ ಬೆಳೆಯದ ನಮ್ಮ ಸೀಮೆಗೆ ಅದು ದಕ್ಷಿಣದಿಂದ ಲಾರಿ ಹತ್ತಿ ಬರಬೇಕು. ಒಂದು ಹೊತ್ತು ಉಂಡು ಎಸೆಯುವ ತಟ್ಟೆ ಅಷ್ಟು ದೂರ ಪ್ರಯಾಣ ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹೀಗೆ ಒಂದಾದ ಮೇಲೊಂದು ತಟ್ಟೆಯನ್ನು ಮನೆಗೆ ತಂದು ಪರೀಕ್ಷಿಸುತ್ತಿದ್ದ ನನ್ನನ್ನು ನೋಡಿ ನಮ್ಮ ಅವ್ವ ಒಂದು ಮಾತು ಹೇಳಿದಳು. ಈ ಬರಹದಲ್ಲಿ ಹುರುಳೇನಾದರೂ ಇದ್ದರೆ ಅದು ಆ ಮಾತಿನಲ್ಲಿದೆ. “ಒಗಿಯೋ ತಾಟು ಬಂದ ಮ್ಯಾಲೇ ನಾ ಪ್ರೀತಿ ಭೋಜನದಾಗ ಎಲ್ಲಾರ ಜೋಡಿ ಕುಂತು ಉಂಡೀನಿ. ಅದಕ್ಕ ಮೊದಲು ಎಲ್ಲಾರೂ ಮನಿಗಿ ಹೋದ ಮ್ಯಾಲ ಭಾಂಡೆ ತಿಕ್ಕಿ, ತಣ್ಣಗಾದದ್ದು ಉಣ್ತಿದ್ದೆ.”

ನಮ್ಮ ಸಭೆಯ ಹಳೆಯ ಊಟಗಳನ್ನು ನೆನೆಯುವಾಗ ಗಂಡಸರಾದ ನಾವು ಯಾವಾಗಲೂ ಹಿತ್ತಾಳೆಯ ಹಂಡೆ, ಸ್ಟೀಲಿನ ತಾಟು, ಸಾಲಾಗಿ ಕುಳಿತ ಪಂಕ್ತಿ ಇವುಗಳನ್ನಷ್ಟೇ ನೆನೆಯುತ್ತೇವೆ. ಆ ಕಾಲದಲ್ಲಿ ಕಸ ಇರಲಿಲ್ಲ ಎಂದು ನಿಟ್ಟುಸಿರು ಬಿಡುತ್ತೇವೆ. ಕಸ ಇರಲಿಲ್ಲ, ಏಕೆಂದರೆ ಸ್ತ್ರೀಯರ ಸಮಾಜದ ಹತ್ತು ಹನ್ನೆರಡು ಹೆಂಗಸರು ನಲ್ಲಿಯ ಬಳಿ ಕತ್ತಲಾಗುವವರೆಗೆ ಕುಳಿತು 300 ತಾಟುಗಳ ಎಂಜಲನ್ನು ತೊಳೆಯುತ್ತಿದ್ದರು. ನಮ್ಮ ಸಭೆಯ ಬಹುಪಾಲು ಕುಟುಂಬಗಳು, ಬೇರೆಯವರ ಎಂಜಲು ತೆಗೆಯುವುದೇ ನಿಮ್ಮ ಪಾಲು ಎಂದು ಊರು ತಲೆಮಾರುಗಳ ಕಾಲ ಹೇಳಿದ್ದನ್ನು ಕೇಳಿಸಿಕೊಂಡು ಬಂದವುಗಳು. ಎಸೆಯುವ ತಾಟು ಬಂದಾಗ ಅದನ್ನು ಒಂದು ಬಿಡುಗಡೆಯಾಗಿ ಕಂಡವರು ಇದ್ದರೆ ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಹಳೆಯ ತಾಟನ್ನು ಮರಳಿ ತರುವವನು ಹಳೆಯ ನಲ್ಲಿಯ ಮುಂದೆ ಅದೇ ಹೆಂಗಸರನ್ನು ಮರಳಿ ಕೂರಿಸಬಾರದು. ಸಭೆಯ ಕೂಟಗಳನ್ನು ಪರಿಸರಕ್ಕೆ ಹಿತವಾಗಿ ನಡೆಸುವ ಬಗ್ಗೆ ಎಲ್ಲಿ ಮಾತು ಬಂದರೂ ಚರ್ಚೆ ವಸ್ತುವಿನ ಸುತ್ತಲೇ ಸುತ್ತುತ್ತದೆ, ಕಾಗದವೋ ಎಲೆಯೋ ಕಬ್ಬಿನ ಸಿಪ್ಪೆಯೋ ಎಂದು. ತೊಳೆಯುವ ಕೈ ಯಾರದೆಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಉತ್ತರ ಇದ್ದದ್ದು ನಮ್ಮ ಊರಿನಲ್ಲಿಯೇ, ದಿನವೂ ನಾವು ದಾಟಿ ಹೋಗುವ ನಾನಕ್ ಝಿರಾ ಸಾಹಿಬ್ ಗುರುದ್ವಾರದಲ್ಲಿ. ಎಲ್ಲರಿಗೂ ಉಚಿತವಾಗಿ ಬಡಿಸುವ ಅಲ್ಲಿಯ ಲಂಗರಿನಲ್ಲಿ ಉಣ್ಣದ ಬೀದರಿನವರು ಕಡಿಮೆ. ನಾನೂ ಚಿಕ್ಕವನಿದ್ದಾಗಿನಿಂದ ಎಷ್ಟೋ ಸಲ ಉಂಡಿದ್ದೇನೆ, ಆದರೆ ಉಂಡ ಮೇಲೆ ತಾಟು ಎಲ್ಲಿಗೆ ಹೋಗುತ್ತದೆಂದು ಮೊದಲ ಬಾರಿಗೆ ನಿಂತು ನೋಡಿದ್ದು ಅವ್ವನ ಮಾತು ಕೇಳಿದ ಮೇಲೆಯೇ. ಸ್ಟೀಲಿನ ತಾಟುಗಳು, ತೊಳೆಯಲು ಸಾಲು ತೊಟ್ಟಿಗಳು, ಅವುಗಳ ಮುಂದೆ ಗಂಡಸರು, ಹೆಂಗಸರು, ದೂರದಿಂದ ಬಂದ ಯಾತ್ರಿಕರು. ಅವರು ಕೂಲಿಯವರಲ್ಲ, ತಾಟು ತೊಳೆಯುವುದನ್ನು ಅಲ್ಲಿ ಸೇವೆ ಎನ್ನುತ್ತಾರೆ. ಬೆಲೆಬಾಳುವ ಗಡಿಯಾರವನ್ನು ಬಿಚ್ಚಿ ಜೇಬಿಗಿಟ್ಟುಕೊಂಡು ತೋಳು ಮಡಚಿ ನಿಂತಿದ್ದ ಒಬ್ಬ ಹಿರಿಯರನ್ನು ನೋಡಿದೆ. ನಮ್ಮಲ್ಲಾಗಿದ್ದರೆ ಅವರಿಗೆ ವೇದಿಕೆಯ ಮೇಲೆ ಕುರ್ಚಿ ಹಾಕಿ ಶಾಲು ಹೊದಿಸುತ್ತಿದ್ದೆವು.

ಈ ವಿಷಯವನ್ನು ಸಭಾಪಾಲಕರಾದ ಅಯ್ಯನವರ ಮುಂದಿಟ್ಟಾಗ ಅವರು ನಮ್ಮ ಮೆಥಡಿಸ್ಟ್ ಪರಂಪರೆಯ ಪ್ರೀತಿ ಭೋಜನದ ಮೂಲವನ್ನು ನೆನಪಿಸಿದರು. ಆ ಪರಂಪರೆಯ ಮೂಲಪುರುಷರಾದ ಜಾನ್ ವೆಸ್ಲಿಯವರು 1737ರಲ್ಲಿ ಅಮೆರಿಕದ ಸವನ್ನಾದಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಥದವರ ಜೊತೆ ಇಂಥ ಊಟದಲ್ಲಿ ಮೊದಲು ಪಾಲ್ಗೊಂಡರು. ಮುಂದೆ ಅವರ ಅನುಯಾಯಿಗಳಲ್ಲಿ ಅದು ಸಾದಾ ರೊಟ್ಟಿ ಮತ್ತು ನೀರಿನ ಊಟವಾಗಿ ಬೆಳೆಯಿತು. ಎರಡು ಹಿಡಿಕೆಗಳ ಒಂದೇ ಪಾತ್ರೆ ಕೈಯಿಂದ ಕೈಗೆ ಸಾಗುತ್ತಿತ್ತು. ಮಟನ್, ಬಗಾರಾ ಅನ್ನ, ದಾಲ್ಚಾ ನಮ್ಮ ಊರಿನ ಸೇರ್ಪಡೆ. ಅವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ.

ತಾಟುಗಳನ್ನು ಒದಗಿಸುವುದು ನಾವು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಎಸೆಯುವ ತಾಟು, ಎರಡು ಲೋಟ, ಒಂದು ಬಾಟಲಿ ಸೇರಿ ಒಬ್ಬರಿಗೆ ನಮಗೆ ಬೀಳುತ್ತಿದ್ದ ಖರ್ಚು ಸುಮಾರು 15 ರೂಪಾಯಿ. 300 ಜನರ ಒಂದು ಊಟಕ್ಕೆ 4,500, ವರ್ಷದ ಐದು ದೊಡ್ಡ ಊಟಗಳಿಗೆ 22,500 ರೂಪಾಯಿ. ಸ್ಟೀಲಿನ ತಾಟು ಒಂದಕ್ಕೆ 120 ರೂಪಾಯಿಯಂತೆ 300 ತಾಟುಗಳಿಗೆ 36,000. ಲೆಕ್ಕವನ್ನು ಕಮಿಟಿಯ ಮುಂದಿಟ್ಟಾಗ ಖಜಾಂಚಿಯವರು ತಲೆದೂಗಿದರು, ಆದರೆ ಹಣ ಮಾತ್ರ ಬಿಡುಗಡೆಯಾಗಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಪಾತ್ರೆಗೆ ಹೆಸರು ಹಾಕಿಸಿ ಕೊಡುವ ನಮ್ಮ ಹಳೆಯ ರೂಢಿ. ತೀರಿಹೋದ ತಂದೆತಾಯಿಯ ನೆನಪಿಗೆ, ಮಗುವಿನ ದೀಕ್ಷಾಸ್ನಾನದ ನೆನಪಿಗೆ ಐದೋ ಹತ್ತೋ ತಾಟು ಕೊಡಬಹುದು, ಅಂಚಿನಲ್ಲಿ ಹೆಸರು ಕೊರೆಸಿಕೊಡುತ್ತೇವೆ ಎಂದು ಆರಾಧನೆಯ ಕೊನೆಯಲ್ಲಿ ಪ್ರಕಟಿಸಿದೆವು. ನಾಲ್ಕು ಭಾನುವಾರಗಳಲ್ಲಿ 340 ತಾಟುಗಳಾದವು. ಹಿಂದೆ ಪಾತ್ರೆ ಅಂಗಡಿಯವರು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಿದ್ದ ಅಕ್ಷರವನ್ನು ಈಗ ಕೈಯಲ್ಲಿ ಹಿಡಿಯುವ ಯಂತ್ರ ಬರೆಯುತ್ತದೆ. ಅಕ್ಷರ ಮೊದಲಿನಷ್ಟು ಚಂದವಿಲ್ಲ.

ತೊಳೆಯುವುದರಲ್ಲಿ ನಾವು ಮೊದಲ ಸಲ ಚೆನ್ನಾಗಿಯೇ ಎಡವಿದೆವು. ತಮ್ಮ ತಮ್ಮ ತಾಟನ್ನು ತಾವೇ ತೊಳೆಯಬೇಕು, ಅಯ್ಯನವರಿಂದ ಹಿಡಿದು ಸಂಡೇ ಸ್ಕೂಲಿನ ಮಕ್ಕಳವರೆಗೆ ಯಾರಿಗೂ ವಿನಾಯಿತಿಯಿಲ್ಲ ಎಂದು ತೀರ್ಮಾನವಾಗಿತ್ತು. ಜನ ಖುಷಿಯಿಂದಲೇ ಸಾಲುಗಟ್ಟಿದರು. ಆದರೆ ನಲ್ಲಿಗಳನ್ನು ತೆರೆದೇ ಬಿಟ್ಟಿದ್ದರಿಂದ 1,000 ಲೀಟರಿನ ಟ್ಯಾಂಕು ಅರ್ಧ ಸಾಲು ಮುಗಿಯುವಷ್ಟರಲ್ಲಿ ಬರಿದಾಯಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನಲ್ಲಿ ಇದು ಸಣ್ಣ ತಪ್ಪಲ್ಲ. ಪ್ಲಾಸ್ಟಿಕ್ ಉಳಿಸಲು ಹೋಗಿ ನೀರು ಕಳೆದಿರಿ ಎಂದು ಹಿರಿಯರೊಬ್ಬರು ಆಡಿದ ಮಾತಿಗೆ ಆ ದಿನ ನನ್ನಲ್ಲಿ ಎದುರುತ್ತರವಿರಲಿಲ್ಲ.

ಮುಂದಿನ ಊಟಕ್ಕೆ ನಲ್ಲಿಗಳನ್ನು ಮುಚ್ಚಿ 60 ಲೀಟರಿನ ಮೂರು ದೊಡ್ಡ ಬುಟ್ಟಿಗಳನ್ನು, ಅಂದರೆ ನೀರಿನ ಟಬ್ಬುಗಳನ್ನು, ಇಟ್ಟೆವು. ಅವುಗಳಿಗಿಂತ ಮೊದಲು ಒಂದು ಬಕೀಟು. ತಾಟಿನಲ್ಲಿ ಉಳಿದದ್ದನ್ನು ಕೈಯಿಂದ ಬಳಿದು ಅದರಲ್ಲಿ ಹಾಕದೆ ಯಾರೂ ಮುಂದೆ ಹೋಗುವಂತಿಲ್ಲ. ಮೊದಲ ಬುಟ್ಟಿಯಲ್ಲಿ ಅಂಟವಾಳಕಾಯಿ ಕುದಿಸಿದ ನೀರು ಮತ್ತು ತೆಂಗಿನ ನಾರು, ಎರಡನೆಯದರಲ್ಲಿ ಬರಿ ನೀರು, ಮೂರನೆಯದರಲ್ಲಿ ಅಡುಗೆಯ ಒಲೆಯ ಮೇಲೆಯೇ ಕಾಯಿಸಿದ ಬಿಸಿನೀರು. ಎರಡನೆಯ ಬುಟ್ಟಿಯ ನೀರನ್ನು ಮೂರು ಸಲ, ಮೂರನೆಯದನ್ನು ಎರಡು ಸಲ ತುಂಬಿದೆವು. ಒಟ್ಟು 360 ಲೀಟರ್, ತಾಟಿಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ಅಂಟವಾಳದ ನೊರೆ ಮಟನ್ ಎಣ್ಣೆಗೆ ಸಾಲದು ಎಂದು ಹೆಂಗಸರು ಹೇಳಿದರು, ಅದು ನಿಜವೂ ಆಗಿತ್ತು. ಒಲೆಯ ಬೂದಿಯನ್ನು ಜರಡಿ ಹಿಡಿದು ಜೊತೆಗಿಟ್ಟ ಮೇಲೆ ಜಿಡ್ಡು ಬಿಟ್ಟಿತು. ಆ ನೀರೆಲ್ಲ ಈಗ ಹಿಂದಿನ ನುಗ್ಗೆ ಗಿಡಕ್ಕೂ ಎರಡು ಬಾಳೆಗೂ ಹರಿಯುತ್ತದೆ. ಕುಡಿಯುವ ನೀರಿಗೆ ಮಣ್ಣಿನ ಎರಡು ದೊಡ್ಡ ರಂಜಣಗಿ, ಪಕ್ಕದಲ್ಲಿ ಚರಿಗೆ.

ಬಕೀಟಿನಲ್ಲಿ ಸೇರುವ ಎಂಜಲು ಎಲ್ಲರ ಕಣ್ಣಿಗೂ ಬೀಳತೊಡಗಿದ್ದು ನಾನು ನಿರೀಕ್ಷಿಸದ ಲಾಭ. ಥರ್ಮಾಕೋಲ್ ತಾಟನ್ನು ಮಡಚಿ ಎಸೆದಾಗ ಬಿಟ್ಟ ಅನ್ನ ಯಾರಿಗೂ ಕಾಣುತ್ತಿರಲಿಲ್ಲ; ಈಗ ಹಿಂದೆ ನಿಂತವರ ಮುಂದೆಯೇ ಬಳಿದು ಹಾಕಬೇಕು. ಎರಡನೆಯ ಊಟದಲ್ಲಿ ಬಕೀಟುಗಳು ನಾಲ್ಕು ತುಂಬಿದವು, ನಾಲ್ಕನೆಯದರಲ್ಲಿ ಎರಡಕ್ಕಿಂತ ಕಡಿಮೆ. ಇದಕ್ಕೆ ಪಂಕ್ತಿಯೂ ಕಾರಣ. ಬಫೆಯಲ್ಲಿ ಮತ್ತೆ ಸಾಲು ನಿಲ್ಲಬೇಕಲ್ಲ ಎಂದು ಜನ ಒಂದೇ ಸಲ ಗುಡ್ಡೆ ಹಾಕಿಕೊಳ್ಳುತ್ತಾರೆ. ಕೂರಿಸಿ, ಮೊದಲು ಅರ್ಧ ಸೌಟು ಬಡಿಸಿ, ಮತ್ತೆ ಮತ್ತೆ ಕೇಳುತ್ತ ಹೋದರೆ ಬಿಡುವವರು ಕಡಿಮೆ. ಅಕ್ಕಿಯನ್ನು ಸ್ವಲ್ಪ ಕಡಿಮೆ ಮಾಡಿ, ಮನೆಮನೆಯಿಂದ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ತರಿಸುತ್ತೇವೆ. ಉಳಿದ ಅನ್ನ ರಾತ್ರಿಯೊಳಗೆ ಹಳಸುತ್ತದೆ, ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಜೋಳ ನಮ್ಮದೇ ಸೀಮೆಯ, ಮಳೆಯಲ್ಲೇ ಬೆಳೆಯುವ ಬೆಳೆ. ನೀರು ನಿಲ್ಲಿಸಿ ಬೆಳೆಯುವ ಭತ್ತ ಇಲ್ಲಿಗೆ ಹೆಚ್ಚಾಗಿ ಹೊರಗಿನಿಂದಲೇ ಬರಬೇಕು. ಐದು ಸಾವಿರ ಜನರು ಉಂಡ ಮೇಲೆ ಉಳಿದ ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎಂದು ಕರ್ತನಾದ ಯೇಸು ಶಿಷ್ಯರಿಗೆ ಹೇಳಿದ ಭಾಗವನ್ನು ಅಯ್ಯನವರು ಆ ತಿಂಗಳು ಪ್ರಸಂಗಕ್ಕೆ ಆರಿಸಿಕೊಂಡಿದ್ದರು. ರೊಟ್ಟಿ ಹೆಚ್ಚಿದ ಅದ್ಭುತವನ್ನು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ, ಹನ್ನೆರಡು ಬುಟ್ಟಿ ತುಂಬಿದವರ ಕೆಲಸದ ಮೇಲೆ ಪ್ರಸಂಗ ಕೇಳಿದ್ದು ಅದೇ ಮೊದಲು.

ಬಕೀಟಿನ ಎಂಜಲಿಗೆ ಗುಂಡಿ ತೋಡುವ ಪ್ರಯತ್ನ ಒಂದೂವರೆ ಅಡಿಗೆ ನಿಂತಿತು. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಇದೇ ಕಲ್ಲಿನಲ್ಲಿ ಕೋಟೆಯ ಕಂದಕಗಳನ್ನು ಕಡಿದವರ ತೋಳು ನಮ್ಮ ಯುವಕ ಸಂಘಕ್ಕೆ ಇಲ್ಲ. ಇನ್ನೊಂದು ಕಾರಣಕ್ಕೂ ಗುಂಡಿ ಬೇಡವೆನಿಸಿತು: ಈ ಕಲ್ಲು ತೂತು ತೂತಾಗಿದ್ದು ಮಳೆನೀರನ್ನು ಒಳಗೆ ಇಳಿಸುತ್ತದೆ; ಗುರುದ್ವಾರದ ಝಿರಾ ಚಿಲುಮೆಯೂ, ನೌಬಾದಿನಲ್ಲಿ ಬಹಮನಿ ಕಾಲದವರು ನೆಲದೊಳಗೆ ಕೊರೆದ ಸುರಂಗ ಬಾವಿಯ ನೀರೂ ಹಾಗೆ ಇಳಿದದ್ದೇ. ಅಂಥ ನೆಲದಲ್ಲಿ ಕಸವನ್ನು ಹೂಳಿದರೆ ಅದರ ರಸ ಎಲ್ಲಿಗೆ ಹೋಗುತ್ತದೆಂದು ಊಹಿಸುವುದು ಕಷ್ಟವಲ್ಲ. ಆದ್ದರಿಂದ ನೆಲದ ಮೇಲೆಯೇ ಇಟ್ಟಿಗೆಯನ್ನು ಸಂದು ಬಿಟ್ಟು ಜೋಡಿಸಿ ಎದೆಮಟ್ಟದ ತೊಟ್ಟಿ ಕಟ್ಟಿದೆವು. ಒಂದು ಪದರ ಎಂಜಲು, ಅದರ ಮೇಲೆ ಎರಡು ಪದರ ಒಣ ಎಲೆ ಮತ್ತು ಸೋಯಾ ಹೊಟ್ಟು. ಎಲುಬು ಮತ್ತು ಮಾಂಸವನ್ನು ಬೇರೆಯಾಗಿಯೇ ತೆಗೆಯಬೇಕು, ಇಲ್ಲದಿದ್ದರೆ ಓಣಿಯ ನಾಯಿಗಳೆಲ್ಲ ಸಭೆಯ ಸದಸ್ಯರಾಗುತ್ತವೆ. ಇದನ್ನೂ ಅನುಭವದಿಂದಲೇ ಕಲಿತೆವು.

ಅಲಂಕಾರದ ವಿಷಯ ಸುಲಭವಾಗಿ ಮುಗಿಯಿತು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಕ್ರಿಸ್‌ಮಸ್ ಗೋದಲಿಗೆ ಥರ್ಮಾಕೋಲ್ ಬಿಟ್ಟು ತೊಗರಿ ಕಟ್ಟಿಗೆಯ ಗೋಡೆ, ಕಬ್ಬಿನ ಒಣ ಗರಿಯ, ಅಂದರೆ ರವದಿಯ, ಚಾವಣಿ. ಡಿಸೆಂಬರಿನಲ್ಲಿ ಕಬ್ಬು ಕಡಿಯುವ ಹೊಲಗಳಲ್ಲಿ ರವದಿಗೆ ಬರವಿಲ್ಲ, ಸುಡುವುದಕ್ಕಿಂತ ಕೊಡುವುದು ಮೇಲೆಂದು ರೈತರೇ ಹೊರೆ ಕಟ್ಟಿಕೊಟ್ಟರು. ಬ್ಯಾನರ್ ಮಾತ್ರ ತಂಟೆಯ ವಿಷಯ. ಇಸವಿಯಾಗಲಿ ಹೆಸರಾಗಲಿ ಇಲ್ಲದ ಬಟ್ಟೆಯ ಬ್ಯಾನರನ್ನು ಒಮ್ಮೆ ಬರೆಸಿದರೆ ಹತ್ತು ವರ್ಷ ಕಟ್ಟಬಹುದು. ಆದರೆ ಫ್ಲೆಕ್ಸ್ ಇರುವುದು ಹಬ್ಬವನ್ನು ಸಾರುವುದಕ್ಕಲ್ಲ, ಫೋಟೊ ಹಾಕಿಸಿಕೊಳ್ಳುವುದಕ್ಕೆ ಎಂಬುದು ಕಮಿಟಿಯ ಚರ್ಚೆಯಲ್ಲಿ ಸ್ಪಷ್ಟವಾಯಿತು, ಈ ವರ್ಷವೂ ಗೇಟಿನ ಬಳಿ ಒಂದು ಫ್ಲೆಕ್ಸ್ ಇತ್ತು. ಕೊರೊನಾ ಕಾಲದಲ್ಲಿ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬಂದ ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲುಗಳನ್ನು ಬಿಟ್ಟು ಬೀರುವಿನಲ್ಲಿದ್ದ ಗಾಜಿನವುಗಳನ್ನು ಮತ್ತೆ ಹೊರತೆಗೆದಿದ್ದೇವೆ.

ಅವ್ವ ಈಗ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾಳೆ, ಎದ್ದು ತನ್ನ ತಾಟನ್ನು ತೊಳೆಯುತ್ತಾಳೆ, ಹಿಂದೆ ನಿಂತ ಹುಡುಗರಿಗೆ ಅಂಚು ಸರಿಯಾಗಿ ತಿಕ್ಕಿರೆಂದು ಗದರುತ್ತಾಳೆ. ಪ್ರತಿ ಊಟದ ಮರುದಿನ ತಾಟುಗಳನ್ನು ಎಣಿಸಿ ಬೀರುವಿಗೆ ಇಡುವುದು ನನ್ನ ಕೆಲಸ. 340ರಲ್ಲಿ ಈಗ ಉಳಿದಿರುವುದು 331. ಕಾಣೆಯಾದ ಒಂಬತ್ತೂ ಯಾರ ಹೆಸರಿನವೆಂದು ಗೊತ್ತು, ಯಾರ ಮನೆಯಲ್ಲಿವೆಯೆಂದು ಗೊತ್ತಿಲ್ಲ.

ಬಾಕಿ ಇರುವುದು ಮದುವೆಗಳು. ಸಭಾಭವನದಲ್ಲಿ ಸಭೆಯ ಊಟಗಳಿಗಿಂತ ಮದುವೆಯ ಊಟಗಳೇ ಹೆಚ್ಚು, ಕಸವೂ ಅಲ್ಲಿಯದೇ ಹೆಚ್ಚು. ಮೇ ತಿಂಗಳಲ್ಲಿ ಮಗಳ ಮದುವೆ ಇಟ್ಟುಕೊಂಡಿರುವ ಅಣ್ಣನೊಬ್ಬರಿಗೆ ತಾಟು, ಬುಟ್ಟಿ, ರಂಜಣಗಿ ಎಲ್ಲವನ್ನೂ ಬಾಡಿಗೆಯಿಲ್ಲದೆ ಕೊಡುತ್ತೇವೆ ಎಂದು ಹೇಳಿದೆ. ತಾಟು ಬೇಡವೆಂದು ಅವರು ಹೇಳಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ನಮ್ಮೋರು ತೊಳೀತಾರ, ಅದರಾಗ ಮಾತಿಲ್ಲ. ಬೀಗರಿಗಿ ಸಾಲಿನಾಗ ನಿಂದ್ರಿ ಅಂತ ಯಾರು ಹೇಳ್ಬೇಕು, ನೀವು ಹೇಳ್ತೀರೇನು?” ಎಂದು ಕೇಳಿದರು. ಮುಂದಿನ ಭಾನುವಾರ ಹೇಳುತ್ತೇನೆ ಎಂದು ಬಂದಿದ್ದೇನೆ.